ಅಭಿಪ್ರಾಯಗಳ ಗಣಿತ

ಮಾನವನು ಸಂಘಜೀವಿ. ಅವನ ಉಡುಗೆ ತೊಡುಗೆ, ನಡೆನುಡಿಗಳಂತೆಯೇ ಅವನ ಅಭಿಪ್ರಾಯಗಳೂ ನೆರೆಹೊರೆಯವರ ಸಹವಾಸದಲ್ಲಿ ರೂಪುಗೊಳ್ಳುತ್ತವೆ. ಒಂದೇ ಊರಿನಲ್ಲಿ ಬಾಳುವ ಜನರು ಕೆಲವು ವಿಷಯಗಳಲ್ಲಿ ಒಮ್ಮತಕ್ಕೆ ಬರುತ್ತಾರೆ. ಇನ್ನು ಕೆಲವು ವಿಷಯಗಳಲ್ಲಿ ಎಷ್ಟು ಚರ್ಚಿಸಿದರೂ ಎರಡು ಪಂಗಡಗಳಾಗಿಯೇ ಉಳಿಯುತ್ತಾರೆ. ಹೀಗಾಗುವುದೇಕೆ? ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಮಾತ್ರವಲ್ಲದೆ ಗಣಿತಜ್ಞರೂ ಕೈಗೆತ್ತಿಕೊಂಡಿದ್ದಾರೆ.

ಮನಸ್ಸನ್ನು ಅಳೆಯುವ ಅಳತೆಗೋಲು ಉಂಟೇ ಎಂದು ಯಾರಾದರೂ ಕೇಳಬಹುದು. ಮನಸ್ಸನ್ನು ಪೂರ್ಣವಾಗಿ ಅಳೆಯಲಾಗದೆಂಬುದು ನಿಜ. ಆದರೆ ಭೂಪಟವು ಊರಿನ ಮರಗಿಡಗಳನ್ನೆಲ್ಲ ತೋರಿಸದಿದ್ದರೂ ದಾರಿಯನ್ನು ತೋರಿಸುತ್ತದೆ. ಹಾಗೆಯೇ ಗಣಿತದ ಮಾದರಿಯು ಅನೇಕ ವಿವರಗಳನ್ನು ಬಿಟ್ಟು, ಮುಖ್ಯವಾದ ಒಂದು ಸಂಬಂಧವನ್ನು ಎತ್ತಿ ತೋರಿಸುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಒಂದು ಊರಿನ ಸಮಿತಿಯಲ್ಲಿ ಆರು ಮಂದಿ ಸದಸ್ಯರಿದ್ದಾರೆ. ಊರಿನ ನಿಧಿಯಲ್ಲಿ ಶೇಕಡ ಎಷ್ಟು ಭಾಗವನ್ನು ಕೆರೆಯ ಹೂಳೆತ್ತಲು ಕೊಡಬೇಕೆಂಬುದು ಅವರ ಮುಂದಿರುವ ಪ್ರಶ್ನೆ. ಅವರ ಅಭಿಪ್ರಾಯಗಳು ಕ್ರಮವಾಗಿ 10, 20, 30, 70, 80, 90. ಪ್ರತಿಯೊಬ್ಬರೂ ತಮ್ಮನ್ನೂ ಸೇರಿಸಿ ಆರೂ ಮಂದಿಯ ಮಾತಿಗೆ ಸಮಾನ ಬೆಲೆ ಕೊಟ್ಟು, ಅವುಗಳ ಸರಾಸರಿಯನ್ನು ತಮ್ಮ ಹೊಸ ಅಭಿಪ್ರಾಯವಾಗಿ ಸ್ವೀಕರಿಸಿದರೆನ್ನೋಣ. ಆಗ ಮೊದಲನೆಯ ಸುತ್ತಿನಲ್ಲಿಯೇ ಎಲ್ಲರೂ 50ಕ್ಕೆ ಬಂದು ನಿಲ್ಲುತ್ತಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ರೆಂಚ್ 1956ರಲ್ಲಿಯೂ ಸಂಖ್ಯಾಶಾಸ್ತ್ರಜ್ಞ ಮಾರಿಸ್ ಡಿಗ್ರೂಟ್ 1974ರಲ್ಲಿಯೂ ಇಂತಹ ಮಾದರಿಗಳನ್ನು ಮುಂದಿಟ್ಟರು. ಡಿಗ್ರೂಟರ ಮಾದರಿಯಲ್ಲಿ ಎಲ್ಲರ ಮಾತಿಗೂ ಒಂದೇ ತೂಕವಿರಬೇಕಾಗಿಲ್ಲ. ಒಬ್ಬರ ಮಾತಿಗೆ ಹೆಚ್ಚು, ಇನ್ನೊಬ್ಬರ ಮಾತಿಗೆ ಕಡಮೆ ಬೆಲೆ ಕೊಡಬಹುದು. ಆದರೂ ಪ್ರತಿಯೊಬ್ಬರೂ ಎಲ್ಲರ ಮಾತಿಗೂ ಸುತ್ತುಸುತ್ತಿಗೆ ಬದಲಾಗದ ಅಲ್ಪಸ್ವಲ್ಪ ಬೆಲೆಯನ್ನಾದರೂ ಕೊಡುತ್ತಿದ್ದರೆ, ಕಾಲಕ್ರಮದಲ್ಲಿ ಅಭಿಪ್ರಾಯಗಳೆಲ್ಲ ಒಂದೇ ಬಿಂದುವಿನತ್ತ ಸಾಗುತ್ತವೆಂಬುದು ಗಣಿತದಿಂದ ಸಿದ್ಧವಾಗುತ್ತದೆ.

ಹಾಗಾದರೆ ಲೋಕದಲ್ಲಿ ಭಿನ್ನಾಭಿಪ್ರಾಯಗಳು ಅಳಿಯದೆ ಉಳಿದಿರುವುದೇಕೆ? ಡಿಗ್ರೂಟರಿಗಿಂತ ಹತ್ತು ವರ್ಷ ಮೊದಲೇ, 1964ರಲ್ಲಿ, ರಾಬರ್ಟ್ ಏಬಲ್‌ಸನ್ ಎಂಬ ಮನಶ್ಶಾಸ್ತ್ರಜ್ಞರನ್ನು ಈ ಪ್ರಶ್ನೆ ಕಾಡಿತ್ತು. ಇದಕ್ಕೆ ಒಂದು ಉತ್ತರವನ್ನು ಜರ್ಮನಿಯ ತತ್ತ್ವಶಾಸ್ತ್ರಜ್ಞ ರೈನರ್ ಹೆಗ್ಸೆಲ್‌ಮನ್ ಮತ್ತು ಗಣಿತಜ್ಞ ಉಲ್ರಿಚ್ ಕ್ರೌಸೆ 2002ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕಾಣಬಹುದು. ಮನುಷ್ಯನು ಎಲ್ಲರ ಮಾತಿಗೂ ಕಿವಿಗೊಡುವುದಿಲ್ಲ. ತನ್ನ ಅಭಿಪ್ರಾಯಕ್ಕೆ ಹತ್ತಿರವಾದುದನ್ನು ಮಾತ್ರ ಪರಿಗಣಿಸುತ್ತಾನೆ. ಬಹಳ ದೂರದ ಮಾತನ್ನು ಕೇಳಿಯೂ ಕೇಳದವನಂತಿರುತ್ತಾನೆ. ಈ ಅಂತರದ ಎಲ್ಲೆಯನ್ನು ನಾವು ಸಹನೆಯ ಮಿತಿಯೆಂದು ಕರೆಯೋಣ.

ನಮ್ಮ ಸಮಿತಿಯಲ್ಲಿ ಈ ಮಿತಿಯು 20 ಆಗಿರಲಿ. ಆಗ 10, 20, 30 ಎಂದವರು ತಮ್ಮತಮ್ಮಲ್ಲಿಯೇ ಸಮಾಲೋಚಿಸಿ 20ಕ್ಕೆ ಬರುತ್ತಾರೆ. ಉಳಿದ ಮೂವರು 80ಕ್ಕೆ ಬರುತ್ತಾರೆ. ಮುಂದೆ ನೂರು ಸಭೆಗಳು ಸೇರಿದರೂ ಈ ಎರಡು ಗುಂಪುಗಳು ಕದಲುವುದಿಲ್ಲ. ಇವರಲ್ಲಿ ಯಾರೂ ದುಷ್ಟರಲ್ಲ, ಹಟಮಾರಿಗಳೂ ಅಲ್ಲ. ಪ್ರತಿಯೊಬ್ಬರೂ ತಮಗೆ ಕೇಳಿಸಿದ ಮಾತಿಗೆ ಬೆಲೆ ಕೊಟ್ಟಿದ್ದಾರೆ. ಕೇಳಿಸಿದ ಮಾತುಗಳ ವ್ಯಾಪ್ತಿಯೇ ಕಿರಿದಾಗಿತ್ತು.

ಈಗ ಮಿತಿಯನ್ನು 40ಕ್ಕೆ ಏರಿಸೋಣ. ಮೊದಲ ಸುತ್ತಿನಲ್ಲಿ 30 ಮತ್ತು 70 ಎಂದ ಇಬ್ಬರಿಗೆ ಮಾತ್ರ ಎದುರು ಪಕ್ಷದ ಒಂದು ಮಾತು ಕೇಳಿಸುತ್ತದೆ. ಅವರು 32.5 ಮತ್ತು 67.5ಕ್ಕೆ ಸರಿಯುತ್ತಾರೆ. ಎರಡನೆಯ ಸುತ್ತಿನಿಂದ ಅವರು ತಮ್ಮ ಸಂಗಡಿಗರನ್ನೂ ನಡುವಿನತ್ತ ಎಳೆಯತೊಡಗುತ್ತಾರೆ. ಐದನೆಯ ಸುತ್ತು ಮುಗಿಯುವಷ್ಟರಲ್ಲಿ ಆರೂ ಮಂದಿ 50ರಲ್ಲಿ ಒಂದಾಗುತ್ತಾರೆ. ವಿದ್ಯಾರ್ಥಿಗಳು ಕಾಗದ ಪೆನ್ಸಿಲುಗಳಿಂದಲೇ ಈ ಲೆಕ್ಕವನ್ನು ಮಾಡಿ ನೋಡಬಹುದು. ಎರಡು ದಡಗಳ ನಡುವೆ ನಿಂತ ಇಬ್ಬರೇ ಇಲ್ಲಿ ಸೇತುವೆಯಾದರು. ಸಮಾಜದಲ್ಲಿ ಇಂತಹವರನ್ನು ಎರಡು ಕಡೆಯವರೂ ಅನುಮಾನದಿಂದ ನೋಡುವುದುಂಟು. ಆದರೆ ಅವರು ಸುಮ್ಮನಾದರೆ ಸೇತುವೆಯೇ ಮುರಿಯುತ್ತದೆ.

ಒಮ್ಮತವೆಲ್ಲವೂ ಸತ್ಯವೆಂದು ಇದರಿಂದ ತಿಳಿಯಬಾರದು. 50 ಎಂಬುದೇ ಸರಿಯಾದ ಉತ್ತರವೆಂದು ಗಣಿತವು ಹೇಳುವುದಿಲ್ಲ. ಕೆರೆಯಲ್ಲಿ ಎಷ್ಟು ಹೂಳು ತುಂಬಿದೆಯೆಂಬುದನ್ನು ಕೆರೆಗೆ ಇಳಿದೇ ಅಳೆಯಬೇಕು. ಆದರೆ ಅಳೆದು ಬಂದವನ ಮಾತು ಎರಡು ಗುಂಪುಗಳಿಗೂ ಕೇಳಿಸಬೇಕಾದರೆ, ಕೇಳುವವರ ಸಹನೆಯು ಅಷ್ಟು ದೂರ ಚಾಚಿರಬೇಕು.