ಜೀನಿನ ಮೇಲೆ ಕೂತಾಗ ಸಿಗುವ ಅಳತೆ

ಭರಮಸಾಗರದ ಕಡೆ ಈಗ ಕುದುರೆ ಕಾಣಿಸಿದರೆ ಅದು ಬಹುಮಟ್ಟಿಗೆ ಮದುವೆಯ ಮೆರವಣಿಗೆಯಲ್ಲಿ. ಪೇಟ ಸುತ್ತಿಕೊಂಡ ಮದುಮಗ ಮೇಲೆ ಕೂತಿರುತ್ತಾನೆ. ಮುಂದೆ ಬ್ಯಾಂಡ್ ಸೆಟ್ಟು, ಪಕ್ಕದಲ್ಲಿ ಪಟಾಕಿ, ಸುತ್ತ ಮೊಬೈಲು ಹಿಡಿದ ನೆಂಟರು. ಲಗಾಮು ಮಾತ್ರ ಕುದುರೆಯವನ ಕೈಯಲ್ಲಿರುತ್ತದೆ. ಊಟಿಯ ಕೆರೆ ದಂಡೆಯಲ್ಲಿ ಹಣ ಕೊಟ್ಟು ಒಂದು ಸುತ್ತು ಹಾಕಿಸಿಕೊಂಡು ಬಂದವರದ್ದೂ ಇದೇ ಕಥೆ. ಮುಂದೆ ಎಂದಾದರೂ ಯಾರಾದರೂ 'ಕುದುರೆ ಸವಾರಿ ಬರುತ್ತಾ?' ಎಂದು ಕೇಳಿದರೆ ಇವರಲ್ಲಿ ಅನೇಕರು 'ಹೂಂ, ಮಾಡಿದ್ದೀನಲ್ಲ' ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಕುದುರೆಯ ಬೆನ್ನ ಮೇಲೆ ಕೂತದ್ದು ನಿಜವೇ. ಆದರೆ ಕೂರುವುದಕ್ಕೂ ಸವಾರಿ ಮಾಡುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಆ ಲಗಾಮು ಹಿಡಿದವನು ಕೈಬಿಟ್ಟ ದಿನವೇ ತಿಳಿಯುವುದು, ಮತ್ತು ಅಂದು ತಿಳಿದರೆ ತಡವಾಗಿರುತ್ತದೆ.

ಈ ಸೀಮೆಗೆ ಕುದುರೆ ಹೊಸದಲ್ಲ. ಊರಿಗೆ ಹೆಸರು ತಂದುಕೊಟ್ಟ ಕೆರೆಯನ್ನು ಕಟ್ಟಿಸಿದವನು ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕ. 1779ರಲ್ಲಿ ಹೈದರಾಲಿ ದುರ್ಗವನ್ನು ವಶಪಡಿಸಿಕೊಳ್ಳುವವರೆಗೂ ಈ ಬಯಲುಗಳಲ್ಲಿ ರಾವುತರ ಓಡಾಟವಿತ್ತು. ರಾವುತನಿಗೆ ತನ್ನ ಸಾಮರ್ಥ್ಯದ ಅಂದಾಜು ತಪ್ಪಿದರೆ ಪ್ರಾಣವೇ ಹೋಗುತ್ತಿತ್ತು. ಇಂದು ವಾರಾಂತ್ಯದಲ್ಲಿ ಬೆಂಗಳೂರಿನ ಯಾವುದೋ ಸವಾರಿ ಶಾಲೆಗೆ ಹೋಗುವ ಎಂಜಿನಿಯರಿಗೆ ಯುದ್ಧದ ಭಯವಿಲ್ಲ. ಕುದುರೆ ಮಾತ್ರ ಅಂದಿನದೇ ಪ್ರಾಣಿ.

ಆ ಪ್ರಾಣಿಯ ಸ್ವಭಾವದಿಂದಲೇ ಲೆಕ್ಕ ಶುರುವಾಗಬೇಕು. ಸವಾರಿಯ ದೊಡ್ಡ ಕುದುರೆಯೊಂದು 400ರಿಂದ 500 ಕೆ.ಜಿ. ತೂಗುತ್ತದೆ. ತಲೆಯ ಎರಡೂ ಬದಿಗೆ ಕಣ್ಣುಗಳಿರುವುದರಿಂದ ಸುತ್ತಲಿನ ಬಹುತೇಕ ಎಲ್ಲವೂ ಅದಕ್ಕೆ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂಭಾಗ. ಬಯಲಲ್ಲಿ ಮೇಯುತ್ತ, ಬೇಟೆಯಾಡುವ ಪ್ರಾಣಿಗಳಿಂದ ತಪ್ಪಿಸಿಕೊಳ್ಳುತ್ತ ಬದುಕಿದ ವಂಶ ಅದರದ್ದು. ಬೆದರಿದರೆ ಮೊದಲು ಓಟ, ಏನಾಯಿತೆಂದು ನೋಡುವುದು ಆಮೇಲೆ. ಬೇಲಿಗೆ ಸಿಕ್ಕಿಕೊಂಡ ಒಂದು ಪ್ಲಾಸ್ಟಿಕ್ ಚೀಲ ಪಟಪಟ ಎಂದರೂ ಸಾಕು. ಗಂಟೆಗೆ ಆರೇಳು ಕಿ.ಮೀ. ನಡಿಗೆಯಲ್ಲಿದ್ದ ಕುದುರೆ ಕೆಲವೇ ಸೆಕೆಂಡಿನಲ್ಲಿ ನಾಗಾಲೋಟಕ್ಕೆ ಬೀಳಬಹುದು. ಆಗ ಸವಾರನ ತಲೆ ನೆಲದಿಂದ ಸುಮಾರು 8 ಅಡಿ ಎತ್ತರದಲ್ಲಿರುತ್ತದೆ.

ಹಾಗಾಗಿ ಸವಾರನ ಮಟ್ಟ ಅಳೆಯಲು ಎಷ್ಟು ವೇಗವಾಗಿ ಓಡಿಸಬಲ್ಲ ಎಂದು ಕೇಳುವುದು ದಾರಿ ತಪ್ಪಿಸುವ ಪ್ರಶ್ನೆ. ಓಡುವುದು ಕುದುರೆಗೆ ಹುಟ್ಟಿನಿಂದಲೇ ಬಂದಿದೆ. ಎಲ್ಲಿ ಬೇಕೋ ಅಲ್ಲಿ, ಬಾಯಿಗೆ ನೋವಾಗದಂತೆ ನಿಲ್ಲಿಸಬಲ್ಲನೇ? ನಡಿಗೆಯಿಂದ ಟ್ರಾಟ್ ಎಂಬ ಕುಕ್ಕುಲೋಟಕ್ಕೆ, ಅಲ್ಲಿಂದ ಕ್ಯಾಂಟರ್ ಎಂಬ ಇನ್ನೂ ವೇಗದ ಓಟಕ್ಕೆ ಏರಿಸಿ ಮತ್ತೆ ಅದೇ ಕ್ರಮದಲ್ಲಿ ಇಳಿಸಬಲ್ಲನೇ? ಮೈದಾನದ ಮಧ್ಯೆ ದುಂಡಗಿನ ಸುತ್ತು ಹಾಕಿಸಿದರೆ ಅದು ದುಂಡಗೇ ಇರುತ್ತದೆಯೇ, ಬಾಗಿಲ ಕಡೆ ಎಳೆದುಕೊಂಡು ಹೋಗುತ್ತದೆಯೇ? ಹತ್ತುವ ಮೊದಲು ಜೀನಿನ ಹೊಟ್ಟೆಪಟ್ಟಿ ಬಿಗಿಯಾಗಿದೆಯೇ ಎಂದು ತಾನೇ ನೋಡುತ್ತಾನೆಯೇ? ಚಲಿಸುವ ಕುದುರೆಯಿಂದ ಎರಡೂ ಪಾದ ರಿಕಾಪಿನಿಂದ ಬಿಡಿಸಿಕೊಂಡು ಇಳಿಯಬಲ್ಲನೇ? ಈ ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ಹೇಳಿ ಪ್ರಯೋಜನವಿಲ್ಲ, ಮಾಡಿಯೇ ತೋರಿಸಬೇಕು.

ಒಳ್ಳೆಯ ಶಾಲೆಗಳಲ್ಲಿ ಹೊಸಬರಿಗೆ ಮೊದಲು ಕೊಡುವ ಪಾಠದಲ್ಲಿ ಲಗಾಮೇ ಇರುವುದಿಲ್ಲ. ತರಬೇತುದಾರ ಮಧ್ಯದಲ್ಲಿ ನಿಂತು ಉದ್ದನೆಯ ಹಗ್ಗದಲ್ಲಿ ಕುದುರೆಯನ್ನು ಸುತ್ತಿಸುತ್ತಾನೆ. ಸವಾರ ಕೈಗಳನ್ನು ಪಕ್ಕಕ್ಕೆ ಚಾಚಿ, ಕೆಲವೊಮ್ಮೆ ರಿಕಾಪನ್ನೂ ಬಿಟ್ಟು ಕೂರುತ್ತಾನೆ. ಯಾರು ಬೆನ್ನು ಸೊಂಟದ ಬಲದ ಮೇಲೆ ಕೂತಿದ್ದಾರೆ, ಯಾರು ಇಷ್ಟು ದಿನ ಲಗಾಮಿಗೆ ಜೋತುಬಿದ್ದು ಕೂತಿದ್ದರು ಎಂಬುದು ಎರಡು ಸುತ್ತಿನಲ್ಲೇ ಬಯಲಾಗುತ್ತದೆ. ಬ್ರಿಟನ್ನಿನಲ್ಲಿ 1929ರಲ್ಲಿ ಶುರುವಾದ ಪೋನಿ ಕ್ಲಬ್ ಮಕ್ಕಳಿಗಾಗಿ ಮೆಟ್ಟಿಲು ಮೆಟ್ಟಿಲಾದ ಪರೀಕ್ಷೆಗಳನ್ನೇ ರೂಪಿಸಿದೆ. ಅದರಲ್ಲಿ ಸವಾರಿಯ ಜೊತೆಗೆ ಕುದುರೆಯ ಆರೈಕೆಯನ್ನೂ ಪರೀಕ್ಷಿಸುತ್ತಾರೆ. ಗೊರಸು ಶುಚಿ ಮಾಡುವುದು, ಕುಂಟುವುದನ್ನು ಗುರುತಿಸುವುದು ಆ ಆರೈಕೆಯ ಭಾಗವೇ.

ಅಳತೆಯ ಈ ಮಾತಿಗೆ ಕರ್ನಾಟಕದಲ್ಲೇ ಸಿಗುವ ದೊಡ್ಡ ಉದಾಹರಣೆ ಫವಾದ್ ಮಿರ್ಜಾ. 1992ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಪಶುವೈದ್ಯರ ಮಗನಾದ ಈ ಸವಾರ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಈವೆಂಟಿಂಗ್ ವಿಭಾಗದ ಬೆಳ್ಳಿ ಗೆದ್ದರು. 1982ರ ದೆಹಲಿ ಕೂಟದ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. ಈವೆಂಟಿಂಗ್ ಎಂದರೆ ಮೂರು ಪರೀಕ್ಷೆ: ಡ್ರೆಸಾಜ್ ಎಂಬ ಶಿಸ್ತಿನ ನಡೆ, ಗುಡ್ಡ ನೀರು ಮರದ ದಿಮ್ಮಿಗಳನ್ನು ದಾಟುವ ಕ್ರಾಸ್ ಕಂಟ್ರಿ ಓಟ, ಕೊನೆಗೆ ಮೈದಾನದೊಳಗೆ ಅಡೆತಡೆ ಹಾರುವುದು.

ಟೋಕಿಯೊ ಒಲಿಂಪಿಕ್ಸ್‌ಗೆ ಅವರು ಅರ್ಹತೆ ಪಡೆದ ಬಗೆಯನ್ನು ಗಮನಿಸಬೇಕು. ದೇಶಕ್ಕೆ ಸ್ಥಾನ ಸಿಕ್ಕಿದ್ದು ಅವರು ಫರ್ನ್‌ಹಿಲ್ ಫೇಸ್‌ಟೈಮ್ ಮತ್ತು ಟಚಿಂಗ್‌ವುಡ್ ಎಂಬ ಎರಡು ಕುದುರೆಗಳ ಮೇಲೆ ಗಳಿಸಿದ ಅಂಕಗಳಿಂದ. ಅಷ್ಟಾದರೂ ಒಲಿಂಪಿಕ್ಸ್‌ಗೆ ಯಾವ ಕುದುರೆಯೊಂದಿಗೆ ಹೋಗಬೇಕೋ ಅದೇ ಕುದುರೆಯೊಂದಿಗೆ ಜೋಡಿಯಾಗಿ ಮತ್ತೆ ಕನಿಷ್ಠ ಅರ್ಹತೆಯನ್ನು ಸಾಬೀತುಪಡಿಸಬೇಕಿತ್ತು. ಜಕಾರ್ತಾದಲ್ಲಿ ಬೆಳ್ಳಿ ತಂದ ಸೆನ್ಯೂರ್ ಮೆಡಿಕಾಟ್ ಗಾಯದಿಂದ ದೀರ್ಘ ಕಾಲ ಸ್ಪರ್ಧೆಯಿಂದ ಹೊರಗಿದ್ದ ಕುದುರೆ. ಅದನ್ನು ನಿಧಾನವಾಗಿ ಮರಳಿ ತಂದು, 2021ರಲ್ಲಿ ಪೋಲೆಂಡಿನ ಸ್ಪರ್ಧೆಯಲ್ಲಿ ಮೆಡಿಕಾಟ್ ಮತ್ತು ದಜಾರಾ ಎಂಬ ಇನ್ನೊಂದು ಕುದುರೆ ಎರಡರ ಮೇಲೂ ಅರ್ಹತೆ ಪಡೆದು, ಅಂತಿಮವಾಗಿ ಮೆಡಿಕಾಟ್‌ನನ್ನು ಆರಿಸಿಕೊಂಡರು. ಬೈಕು ಕಲಿತವನು ಒಂದು ಬೈಕಿನಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುತ್ತಾನೆ, ಕುದುರೆಯ ವಿಷಯದಲ್ಲಿ ವಿಶ್ವ ಮಟ್ಟದ ಸವಾರನಿಗೂ ಆ ಸಲುಗೆ ಇಲ್ಲ. ಹೊಸಬರು ತಮ್ಮ ಅನುಭವವನ್ನು ಗಂಟೆಗಳಲ್ಲಿ ಎಣಿಸುತ್ತಾರೆ. ಎಷ್ಟು ಬೇರೆ ಬೇರೆ ಕುದುರೆಗಳ ಮೇಲೆ ಕೂತಿದ್ದೀರಿ ಎಂಬ ಎಣಿಕೆ ಅದಕ್ಕಿಂತ ಹೆಚ್ಚು ನಿಜ ಹೇಳುತ್ತದೆ. ಶಾಲೆಯ ಮುದಿ, ಸಾಧು ಕುದುರೆಯೊಂದರ ಮೇಲೆ ವರ್ಷವಿಡೀ ಕೂತವನಿಗೆ ಆ ಕುದುರೆ ಗೊತ್ತು, ಅಷ್ಟೇ.

ಟೋಕಿಯೊದಲ್ಲಿ ಡ್ರೆಸಾಜ್ ಮುಗಿದಾಗ ಮಿರ್ಜಾ 28 ದಂಡಾಂಕಗಳೊಂದಿಗೆ 9ನೇ ಸ್ಥಾನದಲ್ಲಿದ್ದರು. ಕ್ರಾಸ್ ಕಂಟ್ರಿಯಲ್ಲಿ ಮೆಡಿಕಾಟ್ ಒಂದೂ ಅಡೆತಡೆ ತಪ್ಪದೆ ಹಾರಿತು, ಆದರೆ ನಿಗದಿತ ಸಮಯಕ್ಕಿಂತ 28 ಸೆಕೆಂಡ್ ತಡವಾಯಿತು. ಒಂದೊಂದು ಸೆಕೆಂಡಿಗೆ 0.4ರಂತೆ 11.20 ದಂಡಾಂಕ ಬಿದ್ದು 22ನೇ ಸ್ಥಾನಕ್ಕೆ ಇಳಿದರು. ಮುಂದಿನ ಸುತ್ತು ದಾಟಿ ಫೈನಲ್ ತಲುಪಿ, ಕೊನೆಗೆ 23ನೆಯವರಾದರು. ಅಂಕಪಟ್ಟಿಯಲ್ಲಿ ಆ 28 ಸೆಕೆಂಡ್ ನಷ್ಟದಂತೆಯೇ ಕಾಣುತ್ತದೆ. ಆದರೆ ಅದೇ ಓಟದಲ್ಲಿ ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಎಂಬ ಕುದುರೆಯ ಕಾಲಿಗೆ ತೀವ್ರ ಗಾಯವಾಗಿ, ಅದಕ್ಕೆ ದಯಾಮರಣ ಕೊಡಬೇಕಾಯಿತು. ಅಲ್ಲಿ ಸವಾರನದು ತಪ್ಪಿತ್ತೆಂದು ಯಾರೂ ಹೇಳಲಾರರು. ಆದರೂ ಆ ದಿನದ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ, ಕುದುರೆಯನ್ನು ಕ್ಷೇಮವಾಗಿ ಮನೆಗೆ ತಂದ ಓಟದ ಬೆಲೆ ಬೇರೆಯಾಗಿಯೇ ಕಾಣುತ್ತದೆ.

ಸಾಮರ್ಥ್ಯ ಒಂದು, ಧೈರ್ಯ ಇನ್ನೊಂದು. ಎರಡೂ ಸಮನಾಗಿ ಬೆಳೆಯುವುದಿಲ್ಲ ಎಂಬುದೇ ತೊಡಕು. ಕೆಲವರಿಗೆ ಕಲಿತದ್ದಕ್ಕಿಂತ ಧೈರ್ಯ ಮುಂದೆ ಓಡುತ್ತದೆ. ಇನ್ನು ಕೆಲವರು ಎಲ್ಲ ಬಂದರೂ ಹಳೆಯದೊಂದು ಬೀಳುವಿಕೆಯನ್ನು ಹೊತ್ತುಕೊಂಡೇ ಜೀನು ಏರುತ್ತಾರೆ. ಭಯವನ್ನು ಕುದುರೆಯಿಂದ ಮುಚ್ಚಿಡುವುದೂ ಕಷ್ಟ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಸರಳವಾದೊಂದು ಪ್ರಯೋಗ ಮಾಡಿದರು. ಜನ ಕುದುರೆಯನ್ನು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ನಡೆಸಿಕೊಂಡು ಅಥವಾ ಏರಿಕೊಂಡು ಹೋಗಬೇಕಿತ್ತು. ಕೊನೆಯ ಸಲ ಹೊರಡುವ ಮುಂಚೆ, 'ಈ ಬಾರಿ ದಾರಿಯಲ್ಲಿ ಒಂದು ಛತ್ರಿ ಫಟ್ಟನೆ ಬಿಚ್ಚಿಕೊಳ್ಳುತ್ತದೆ' ಎಂದು ಅವರಿಗೆ ತಿಳಿಸಿದರು. ಛತ್ರಿಯನ್ನು ಯಾರೂ ಬಿಚ್ಚಲಿಲ್ಲ. ಹಾಗಿದ್ದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಏನೂ ಅರಿಯದ ಕುದುರೆಗಳದ್ದೂ ಏರಿತು. ತೊಡೆ ಬಿಗಿಯುವುದು, ಉಸಿರು ಹಿಡಿಯುವುದು, ಲಗಾಮನ್ನು ತುಸು ಮೋಟು ಮಾಡಿಕೊಳ್ಳುವುದು, ಇವೆಲ್ಲ ಸವಾರನಿಗೇ ತಿಳಿಯುವ ಮೊದಲು ಕುದುರೆಗೆ ತಿಳಿಯುತ್ತವೆ.

ಆದ್ದರಿಂದ ಧೈರ್ಯ ತಂದುಕೋ ಎಂಬ ಉಪದೇಶದಿಂದ ಏನೂ ಆಗುವುದಿಲ್ಲ. ಅದನ್ನು ಹೇಗೆ ಕಟ್ಟಬೇಕೆಂದು ಮೈಸೂರು ಪ್ರತಿವರ್ಷ ತೋರಿಸುತ್ತದೆ. ದಸರೆಯ ಜಂಬೂಸವಾರಿಯಲ್ಲಿ ಕುಶಾಲತೋಪು ಸಿಡಿಯುವಾಗ ಆನೆಗಳೂ ಅಶ್ವಾರೋಹಿ ಪೊಲೀಸರ ಕುದುರೆಗಳೂ ಬೆದರಬಾರದು. ಅದಕ್ಕಾಗಿ ಹಬ್ಬಕ್ಕೆ ಮುನ್ನವೇ ಅವುಗಳನ್ನು ನಿಲ್ಲಿಸಿ ಫಿರಂಗಿ ಹಾರಿಸುವ ತಾಲೀಮು ಹಲವು ಬಾರಿ ನಡೆಯುತ್ತದೆ. ಮೊದಲ ದಿನ ಹಿಂದೆ ಸರಿದು ಕೆನೆದ ಕುದುರೆ ತಾಲೀಮು ಮುಗಿಯುವ ವೇಳೆಗೆ ಕಿವಿ ಮಾತ್ರ ಹೊರಳಿಸಿ ನಿಲ್ಲುತ್ತದೆ. ಮೇಲೆ ಕೂತ ಪೊಲೀಸ್ ಸವಾರನಿಗೂ ಅದು ಅಭ್ಯಾಸವೇ. ಬಿದ್ದು ಹೆದರಿದ ಸವಾರನೂ ಹೀಗೆಯೇ ಹಿಂತಿರುಗಬೇಕು: ಒಂದು ಮೆಟ್ಟಿಲು ಕೆಳಗಿಳಿದು, ಬೇಲಿಯೊಳಗೆ, ಗೊತ್ತಿರುವ ಕುದುರೆಯೊಂದಿಗೆ, ಭಯ ಬೇಸರವಾಗಿ ಮಾರ್ಪಡುವವರೆಗೆ.

ಬಿದ್ದ ತಕ್ಷಣ ಮತ್ತೆ ಹತ್ತಬೇಕು, ಇಲ್ಲದಿದ್ದರೆ ಭಯ ಕೂತುಬಿಡುತ್ತದೆ ಎಂಬ ಮಾತು ಎಲ್ಲ ಕಡೆ ಚಾಲ್ತಿಯಲ್ಲಿದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಈ ಹಟ ತಲೆಗೆ ಪೆಟ್ಟಾಗಿದ್ದರೆ ಅಪಾಯಕಾರಿ. ಅಂತರರಾಷ್ಟ್ರೀಯ ಈವೆಂಟಿಂಗ್ ನಿಯಮದಂತೆ ಕ್ರಾಸ್ ಕಂಟ್ರಿಯಲ್ಲಿ ಸವಾರ ಬಿದ್ದರೆ ಸ್ಪರ್ಧೆ ಅಲ್ಲಿಗೇ ಮುಗಿಯಿತು, ವೈದ್ಯರು ಪರೀಕ್ಷಿಸಲೇಬೇಕು. 'ನಾನು ಸರಿಯಾಗಿದ್ದೀನಿ' ಎಂಬ ಸವಾರನ ಮಾತನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೆದುಳು ಅಲುಗಿದವನಿಗೆ ತನ್ನ ಸ್ಥಿತಿಯನ್ನು ಅಳೆಯುವ ಶಕ್ತಿಯೇ ಆ ಹೊತ್ತು ಕುಂದಿರುತ್ತದೆ. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕುಸಿದಿರಬಹುದು, ಅದನ್ನು ಬದಲಿಸಬೇಕು.

ಅನುಭವವೂ ಪೂರ್ತಿ ರಕ್ಷಣೆ ಕೊಡುವುದಿಲ್ಲ. 'ಸೂಪರ್‌ಮ್ಯಾನ್' ನಟ ಕ್ರಿಸ್ಟೋಫರ್ ರೀವ್ 1985ರ ಹೊತ್ತಿಗೆ ಒಂದು ಚಿತ್ರಕ್ಕಾಗಿ ಸವಾರಿ ಕಲಿತು, ಆಮೇಲೆ ಸ್ಪರ್ಧೆಗಳಲ್ಲಿ ಭಾಗವಹಿಸುವಷ್ಟು ಮುಂದುವರಿದಿದ್ದರು. 1995ರ ಮೇ 27ರಂದು ವರ್ಜೀನಿಯಾದಲ್ಲಿ ಅವರ ಕುದುರೆ ಮೂರನೆಯ ಅಡೆತಡೆಯ ಮುಂದೆ ಹಠಾತ್ತನೆ ನಿಂತಿತು. ಮುಂದಕ್ಕೆ ಬಿದ್ದ ರೀವ್ ಕುತ್ತಿಗೆಯ ಮೇಲಿನ ಎರಡು ಮೂಳೆ ಮುರಿದು, ಉಳಿದ ಬದುಕನ್ನು ಗಾಲಿಕುರ್ಚಿಯಲ್ಲಿ ಕಳೆದರು. ಇದನ್ನು ಇಲ್ಲಿ ಹೇಳುವುದು ಯಾರನ್ನೂ ಹೆದರಿಸಲಿಕ್ಕಲ್ಲ. ಅಪಾಯ ಎಲ್ಲಿಗೂ ಹೋಗದೆ ಉಳಿದೇ ಇರುತ್ತದೆ ಎಂದು ಒಪ್ಪಿಕೊಂಡವರು ಮಾತ್ರ ಇಂದಿನ ನೆಲ, ಇಂದಿನ ಕುದುರೆ, ಇಂದಿನ ಮೈಯನ್ನು ದಿನವೂ ಹೊಸದಾಗಿ ನೋಡುತ್ತಾರೆ.

ನೆಲದ ಮಾತು ಬಂದಾಗ ಹೈಫಾ ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳೆಂಬ ಭರ್ಜಿಯ ರಾವುತರು ಆ ಬಂದರು ಪಟ್ಟಣವನ್ನು ಕುದುರೆಯ ಮೇಲೇರಿಯೇ ಗೆದ್ದರು. ಅದರ ನೆನಪಿಗೆ ದೆಹಲಿಯ ತೀನ್ ಮೂರ್ತಿ ಸ್ಮಾರಕವಿದೆ, ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕವಿದೆ. ಶೌರ್ಯದ ಕಥೆಯಾಗಿ ಇದನ್ನು ಎಲ್ಲರೂ ಹೇಳುತ್ತಾರೆ. ಅದರೊಳಗಿನ ಒಂದು ವಿವರ ಹೆಚ್ಚು ಕೇಳಿಬರುವುದಿಲ್ಲ. ಮೊದಲು ಕಿಶೋನ್ ನದಿ ದಾಟಲು ನೋಡಿದಾಗ ಮುಂದೆ ಹೋದ ಕುದುರೆಗಳು ಹುದುಲಿನಲ್ಲಿ ಹೂತವು. ಗುಂಡು ಹಾರುತ್ತಿರುವಾಗಲೂ ದಳ ಹಟ ಹಿಡಿಯದೆ ದಿಕ್ಕು ಬದಲಿಸಿತು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿಯಿತು. ಕುದುರೆ ಎಲ್ಲಿ ಹೋಗಲಾರದು ಎಂದು ಅರಿತು ತಿರುಗಿದ್ದೂ ಆ ಗೆಲುವಿನ ಒಂದು ಭಾಗ.

ಮಿತಿ ಸವಾರನಿಗೆ ಮಾತ್ರ ಇರುವುದೂ ಅಲ್ಲ. ಅಮೆರಿಕದ ಒಹಾಯೊದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುದುರೆಗಳ ಮೇಲೆ ಅವುಗಳ ದೇಹತೂಕದ ಶೇಕಡಾ 15ರಿಂದ 30ರಷ್ಟು ಭಾರ ಹೊರಿಸಿ ನೋಡಿತು. ಭಾರ ಶೇಕಡಾ 25 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಎದೆಬಡಿತದ ಏರಿಕೆ, ಸ್ನಾಯುಗಳ ನೋವು ಎದ್ದು ಕಂಡವು. ಅದರಿಂದಲೇ ಜೀನೂ ಸೇರಿ ಶೇಕಡಾ 20 ದಾಟಬಾರದೆಂಬ ಸೂತ್ರಕ್ಕೆ ಬಲ ಬಂತು. ನಮ್ಮ ಪ್ರವಾಸಿ ತಾಣಗಳಲ್ಲಿ ನಿಲ್ಲುವ ಸಣ್ಣ ಜಾತಿಯ ಕುದುರೆ 300 ಕೆ.ಜಿ. ತೂಗಿದರೆ ಅದಕ್ಕೆ ಹೊರಿಸಬಹುದಾದದ್ದು 60 ಕೆ.ಜಿ. ಮಾತ್ರ. 85 ಕೆ.ಜಿ.ಯ ಪ್ರವಾಸಿ ಹತ್ತುವ ಮೊದಲು ಈ ಲೆಕ್ಕವನ್ನು ಮಾಡಲೇಬೇಕು, ಏಕೆಂದರೆ ಕುದುರೆಯವನು ಹೊಟ್ಟೆಪಾಡಿಗಾಗಿ ಬೇಡ ಎನ್ನಲಾರ, ಕುದುರೆಗೆ ಬಾಯಿಲ್ಲ.

ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರಿನಿಂದ ಬೆಂಗಳೂರಿಗೋ ಮೈಸೂರಿಗೋ ಹೋಗಿ ಸವಾರಿ ಕಲಿಯಬೇಕೆನ್ನುವ ಹುಡುಗ ಹುಡುಗಿಯರು ಶಾಲೆ ಸೇರುವ ದಿನ ತಮ್ಮ ಮಟ್ಟವನ್ನು ಒಂದು ಮೆಟ್ಟಿಲು ಕೆಳಗೇ ಹೇಳಿಕೊಳ್ಳಲಿ. ಮೊದಲ ಪಾಠ ಹಗ್ಗದಲ್ಲೇ ಆಗುತ್ತದೆಯೇ, ಹೆಲ್ಮೆಟ್ ಕಡ್ಡಾಯವೇ, ಕುದುರೆಗೆ ದಿನಕ್ಕೆ ಎಷ್ಟು ಗಂಟೆ ಕೆಲಸ, ಬಿದ್ದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಕೇಳಲಿ. ಯಾರಾದರೂ ಸ್ನೇಹಿತರಿಂದ ತಮ್ಮ ಸವಾರಿಯ ವಿಡಿಯೊ ತೆಗೆಸಿಕೊಂಡು, ತರಬೇತುದಾರರ ಪಕ್ಕದಲ್ಲಿ ಕೂತು ನೋಡಲಿ. ಬೆನ್ನು ನೆಟ್ಟಗಿದೆ ಎಂದು ಒಳಗೆ ಅನಿಸಿದ್ದ ದಿನ ಪರದೆಯ ಮೇಲೆ ಅದು ಬಾಗಿರುವುದು ಸಾಮಾನ್ಯ. ಜ್ವರ ಬಂದ ಮರುದಿನವೋ, ನಿದ್ದೆಗೆಟ್ಟು ಬಸ್ಸಿಳಿದ ಬೆಳಗಿನಲ್ಲೋ ತರಬೇತುದಾರರ ಬಳಿ ಹೋಗಿ 'ಸರ್, ಇವತ್ತು ಹತ್ತೋದಿಲ್ಲ, ಮೈ ತಿಕ್ಕಿ ಲಾಯ ಶುಚಿ ಮಾಡ್ತೀನಿ' ಎಂದರೆ ಒಳ್ಳೆಯ ಶಾಲೆಯಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಕೈಗೆ ಬ್ರಶ್ಶು ಕೊಟ್ಟು ಕುದುರೆಯ ಎಡಬದಿಯಿಂದ ಶುರು ಮಾಡಲು ಹೇಳುತ್ತಾರೆ.