ಮನೆಸಾಲಕ್ಕೆ ಸಹಿ ಮಾಡುವ ಮುನ್ನ



ಕಬ್ಬಿನ ಬಿಲ್ಲು ಕೈಗೆ ಬಂದಾಗ ಹಲವರು ಮನೆ ಕಟ್ಟುವ ಮನಸ್ಸು ಮಾಡುತ್ತಾರೆ. ಸಾಲ ಈಗ ಬ್ಯಾಂಕಿನ ಶಾಖೆಯಲ್ಲೂ ಸಿಗುತ್ತದೆ, ಮೊಬೈಲಿನಲ್ಲೂ ಸಿಗುತ್ತದೆ. ಎತ್ತು ಕೊಳ್ಳಲು ನಾಲ್ಕು ಸಂತೆ ತಿರುಗುವ ನಾವು ಸಾಲಕ್ಕೆ ಮಾತ್ರ ಒಂದೇ ಬಾಗಿಲಿಗೆ ಹೋಗುವುದು ಸರಿಯಲ್ಲ.

10 ಲಕ್ಷ ರೂ. ಸಾಲ, 15 ವರ್ಷದ ಅವಧಿ ಎನ್ನಿರಿ. ಬಡ್ಡಿ ಶೇ. 9 ಇದ್ದರೆ ತಿಂಗಳ ಕಂತು ಸುಮಾರು 10,143 ರೂ.; ಶೇ. 9.25 ಆದರೆ 10,292 ರೂ. ನೂರಕ್ಕೆ ಕಾಲು ರೂಪಾಯಿಯ ಈ ಅಂತರ ಕೊನೆಗೆ ಸುಮಾರು 27 ಸಾವಿರ ರೂ. ಆಗುತ್ತದೆ. ಮೇಲೆ ಪ್ರೊಸೆಸಿಂಗ್ ಫೀ, ವಕೀಲರ ಶುಲ್ಕ, ವಿಮೆ ಬೇರೆ.

2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆ, ರಿಜರ್ವ್ ಬ್ಯಾಂಕಿನ ಆದೇಶದಂತೆ, ಈ ಖರ್ಚುಗಳನ್ನೂ ಕೂಡಿಸಿದ ವಾರ್ಷಿಕ ದರ ತೋರಿಸುವ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಅದರಲ್ಲಿಲ್ಲದ ಶುಲ್ಕವನ್ನು ನಿಮ್ಮ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ವಿಚಾರ ಮಾಡಲು ಕನಿಷ್ಠ ಮೂರು ಕೆಲಸದ ದಿನಗಳ ಅವಕಾಶವಿದೆ.

ಆ ದಿನಗಳನ್ನು ಉಪಯೋಗಿಸಿಕೊಳ್ಳಿರಿ. ಮೊಬೈಲಿನಲ್ಲಿ ಬಂದ ಪತ್ರವನ್ನು ಶಾಖೆಯ ವ್ಯವಸ್ಥಾಪಕರ ಮುಂದಿಟ್ಟು, “ದರ ಇಳಿಸುವಿರಾ? ಫೀ ಬಿಡುವಿರಾ?” ಎಂದು ಸಂಕೋಚವಿಲ್ಲದೆ ಕೇಳಿರಿ. ಮುದ್ರಾಂಕ ಶುಲ್ಕ ಸರಕಾರದ್ದು, ಅಲ್ಲಿ ಚೌಕಾಸಿ ನಡೆಯದು. ಮೊಬೈಲಿನಲ್ಲಿ ದರ ಬೇಗ ತಿಳಿಯುತ್ತದೆ. ಆದರೆ ತಿಂಗಳ ಪಗಾರವಿಲ್ಲದ ರೈತನ ಆದಾಯವನ್ನು ಉತಾರ, ಬಿಲ್ಲು ತೋರಿಸಿ ಮನವರಿಕೆ ಮಾಡಲು ಎದುರಿಗೆ ಕೂತು ಮಾತಾಡುವುದೇ ಅನುಕೂಲ.

ಬದಲಾಗುವ ಬಡ್ಡಿದರದ ಮನೆಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ. ಆದ್ದರಿಂದ ಪ್ರತಿ ಹಂಗಾಮಿನ ಬಿಲ್ಲಿನಲ್ಲಿ ಒಂದಿಷ್ಟನ್ನು ಅಸಲಿಗೆ ಕಟ್ಟಿರಿ. ಸಾಲ ತೀರಿದೊಡನೆ ಉತಾರದ ಮೇಲೆ ಬೋಜಾ ಬಿದ್ದಿದ್ದರೆ ಅದನ್ನು ಇಳಿಸಿಕೊಳ್ಳಲು ಮರೆಯದಿರಿ.