ಅಣಬೆಯ ಕೋಣೆಯಲ್ಲಿ ಗಾಳಿ ಮತ್ತು ತೇವ

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಆ ಗಾದೆ ನಮ್ಮ ಮೇಲೆಯೇ ಪ್ರಯೋಗವಾದಾಗ ಅದರ ರುಚಿ ಬೇರೆ. ಕಳೆದ ಶಿವರಾತ್ರಿಯ ಸುಮಾರಿನಲ್ಲಿ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಅರವತ್ತು ಚೀಲ ಅಣಬೆ ಕೆಟ್ಟುಹೋದಾಗ ನಮ್ಮಜ್ಜಿ ಅದನ್ನು ನನ್ನ ಮೇಲೆ ಪ್ರಯೋಗಿಸಿದಳು. ಕೆಟ್ಟುದಕ್ಕೆ ಬೀಜದ ದೋಷ ಕಾರಣವಲ್ಲ, ಹುಲ್ಲಿನ ದೋಷವೂ ಕಾರಣವಲ್ಲ. ನನ್ನ ಅರೆ ಓದು ಕಾರಣ. ಆ ತಪ್ಪು ಎಲ್ಲಿ ನಡೆಯಿತು, ಅದರ ಹಿಂದಿರುವ ವಿಷಯವೇನು ಎಂಬುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಭೂಗೋಳಗಳನ್ನು ಓದುತ್ತಿರುವ ಬಿ.ಎ. ವಿದ್ಯಾರ್ಥಿ. ಆದುದರಿಂದ ನನಗೆ ಅರ್ಥವಾದ ಮಟ್ಟಿಗೆ, ಅರ್ಥವಾದ ಮಾತಿನಲ್ಲಿ ಬರೆಯುತ್ತೇನೆ.

ನಮ್ಮ ಊರು ರಾಮನಗರ ಸೀಮೆಯ ಒಂದು ಚಿಕ್ಕ ಹಳ್ಳಿ. ಆ ಸೀಮೆಯಲ್ಲಿ ರೇಷ್ಮೆ ಹುಳು ಸಾಕದ ಮನೆ ಅಪರೂಪ. ನಮ್ಮ ಹಿತ್ತಲ ಕೋಣೆಯೂ ಹುಳುವಿನ ಮನೆಯೇ ಆಗಿತ್ತು. ಕೊಳವೆಬಾವಿ ಬತ್ತಿ ಹಿಪ್ಪುನೇರಳೆ ತೋಟ ಒಣಗಿದ ಮೇಲೆ ತಟ್ಟೆಗಳೂ ಚಂದ್ರಿಕೆಗಳೂ ಅಟ್ಟ ಸೇರಿದುವು. ಅಣಬೆಗೆ ಹೊಲ ಬೇಡ, ಹೆಚ್ಚು ನೀರು ಬೇಡ ಎಂದು ಕೇಳಿ ಅವ್ವ ತನ್ನ ಸ್ತ್ರೀಶಕ್ತಿ ಸಂಘದಿಂದ ಎಂಟು ಸಾವಿರ ರೂಪಾಯಿ ಸಾಲ ತೆಗೆದಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅಚ್ಚಾದ ಕಾಗದ ಯಾವುದೇ ಬರಲಿ, ಅದನ್ನು ಓದಿ ಹೇಳುವುದು ನನ್ನ ಪಾಲಿನ ಕೆಲಸ. ಅಣಬೆ ಬೇಸಾಯದ ಕೈಪಿಡಿಯೂ ಹಾಗೆಯೇ ನನ್ನ ಕೈಗೆ ಬಂದಿತು.

ನಾವು ಬೆಳೆದುದು ಚಿಪ್ಪು ಅಣಬೆ. ಅದರ ವಿಧಾನ ಕಷ್ಟವಾದುದಲ್ಲ. ಭತ್ತದ ಹುಲ್ಲನ್ನು ಎರಡೆರಡು ಅಂಗುಲಕ್ಕೆ ಕತ್ತರಿಸಿ, ರಾತ್ರಿಯೆಲ್ಲ ನೆನೆಸಿ, ಕುದಿಯುವುದಕ್ಕೆ ಸ್ವಲ್ಪ ಕಡಿಮೆಯಾದ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇಟ್ಟು ಬಸಿಯಬೇಕು. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು, ಅದೇ ಹದ. ಆ ಹುಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರವಾಗಿ ತುಂಬಿ, ನಡುನಡುವೆ ಜೋಳದ ಕಾಳಿನ ಮೇಲೆ ಬೆಳೆಸಿದ ಅಣಬೆ ಬೀಜವನ್ನು ಹರಡಿ, ಬಾಯಿ ಕಟ್ಟಿ, ಅಲ್ಲಲ್ಲಿ ತೂತು ಮಾಡಿ ಕತ್ತಲ ಕೋಣೆಯಲ್ಲಿ ಇಡಬೇಕು. ಎರಡು ಮೂರು ವಾರದಲ್ಲಿ ಬಿಳಿಯ ಎಳೆಗಳು ಹುಲ್ಲನ್ನೆಲ್ಲ ಹೆಣೆದುಬಿಡುತ್ತವೆ. ಆಗ ಚೀಲವನ್ನು ಬಿಚ್ಚಿದರೆ ಕೆಲವೇ ದಿನಗಳಲ್ಲಿ ಗುಂಡುಸೂಜಿಯ ತಲೆಯಂತಹ ಮೊಗ್ಗುಗಳು ಮೂಡಿ ಅಣಬೆಯಾಗುತ್ತವೆ.

ಕೈಪಿಡಿಯಲ್ಲಿ "ಕೋಣೆಯ ತೇವಾಂಶ ನೂರಕ್ಕೆ 80ರಿಂದ 90 ಇರಬೇಕು" ಎಂದಿತ್ತು. ಅದರ ಕೆಳಗೆ "ಗಾಳಿಯಾಡುವಂತಿರಬೇಕು" ಎಂದೂ ಇತ್ತು. ಮೊದಲನೆಯದರಲ್ಲಿ ಅಂಕಿ ಇದ್ದುದರಿಂದ ಅದು ನನಗೆ ವಿಜ್ಞಾನವಾಗಿ ಕಂಡಿತು. ಎರಡನೆಯದು ಬರಿಯ ಮಾತಾಗಿ ಕಂಡಿತು. ಗಾಳಿ ಬಿಟ್ಟರೆ ತೇವ ಓಡಿಹೋಗುತ್ತದೆಯೆಂದು ತರ್ಕಿಸಿ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದೆ, ಹೆಂಚಿನ ಕೆಳಗೂ ಅದನ್ನೇ ಬಿಗಿದೆ, ಬಾಗಿಲ ಸಂದಿಗೆ ಹಳೆಯ ಬಟ್ಟೆ ತುರುಕಿದೆ. ಅಜ್ಜಿ ಹೊಸ್ತಿಲಲ್ಲಿ ಕುಳಿತು, "ಹುಳಕ್ಕೂ ಉಸುರು ಬೇಕು ಕಣ್ ಮಗಾ, ಇದ್ಕೂ ಬ್ಯಾಡ್ವಾ? ಸಂದು ಬಿಡು" ಎಂದಳು. "ಇದು ಹುಳ ಅಲ್ಲ ಅಜ್ಜಿ, ಗಿಡದ ಜಾತಿ" ಎಂದು ನಾನು ಉತ್ತರ ಕೊಟ್ಟೆ.

ಹದಿನೆಂಟು ದಿನ ಎಲ್ಲವೂ ಚೆನ್ನಾಗಿ ನಡೆಯಿತು. ಚೀಲ ಬಿಚ್ಚಿದ ಮೇಲೆ ಮೂಡಿದುದು ಚಿಪ್ಪಿನಾಕಾರದ ಅಣಬೆಯಲ್ಲ. ಬೆರಳುದ್ದದ ತೆಳು ಕಾಂಡ, ತುದಿಯಲ್ಲಿ ಉದ್ದಿನ ಕಾಳಿನಷ್ಟು ಟೊಪ್ಪಿ. ಮಿಕ್ಕವುಗಳ ಮೇಲೆ ಕಂದು ಬಣ್ಣದ ಲೋಳೆ ಮಚ್ಚೆಗಳು. ಸಂತೆಯಲ್ಲಿ ಅವನ್ನು ಯಾರೂ ಮುಟ್ಟಲಿಲ್ಲ. ಅವ್ವ ಬೈಯಲಿಲ್ಲ, ಸಂಘದ ಪುಸ್ತಕವನ್ನು ತಂದು ನನ್ನ ಮುಂದಿಟ್ಟು ಮೊದಲ ಕಂತು ಎಂದಿಗೆ ಎಂದು ಓದಿ ಹೇಳು ಎಂದಳು.

ನನ್ನ ಮೊದಲನೆಯ ತಪ್ಪು ಅಜ್ಜಿಗೆ ಕೊಟ್ಟ ಉತ್ತರದಲ್ಲಿಯೇ ಇದ್ದಿತು. ಅಣಬೆ ಗಿಡದ ಜಾತಿಯಲ್ಲ. ಅದು ಶಿಲೀಂಧ್ರ. ಅದಕ್ಕೆ ಹಸುರು ಎಲೆಯಿಲ್ಲ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಶಕ್ತಿಯಿಲ್ಲ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್‌ಲಿ 1771ರಲ್ಲಿ ಮಾಡಿದ ಪ್ರಯೋಗವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮುಚ್ಚಿದ ಪಾತ್ರೆಯಲ್ಲಿ ಮೇಣದ ಬತ್ತಿ ಉರಿದು ಆರಿದ ಮೇಲೆ ಆ ಗಾಳಿಯಲ್ಲಿ ಪುದೀನದ ಕಡ್ಡಿಯೊಂದನ್ನು ಇಟ್ಟನು. ಕೆಲವು ದಿನಗಳ ತರುವಾಯ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಅಂತಹ ಗಾಳಿಯಲ್ಲಿ ಇಲಿಯೂ ಬದುಕಬಲ್ಲುದೆಂದು ಮುಂದೆ ತೋರಿಸಿದನು. ಪುದೀನ ಗಾಳಿಯನ್ನು ತಿದ್ದುತ್ತದೆ, ಇಲಿ ಕೆಡಿಸುತ್ತದೆ. ಈ ಲೆಕ್ಕದಲ್ಲಿ ಅಣಬೆ ಪುದೀನದ ಪಕ್ಷವಲ್ಲ, ಇಲಿಯ ಪಕ್ಷ. ಅದು ನಮ್ಮಂತೆಯೇ ಆಮ್ಲಜನಕವನ್ನು ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು, ಅಂದರೆ ಹಳೆಯ ಪಠ್ಯಗಳ ಇಂಗಾಲಾಮ್ಲ ವಾಯುವನ್ನು, ಹೊರಬಿಡುತ್ತದೆ. ಗಾಜಿನ ಮನೆಯಲ್ಲಿ ಟೊಮೇಟೊ ಬೆಳೆಯುವವರು ಇದೇ ವಾಯುವನ್ನು ಬೇಕೆಂದೇ ಒಳಗೆ ಬಿಡುತ್ತಾರೆ. ಅದು ಎಲೆಗೆ ಆಹಾರ. ಅಣಬೆಯವರು ಅದನ್ನು ಹೊರಗೆ ಕಳುಹಿಸಬೇಕು.

ಎಷ್ಟು ಕಳುಹಿಸಬೇಕು? ಇಲ್ಲಿ ಸ್ವಲ್ಪ ಲೆಕ್ಕ ಅಗತ್ಯ. ಹೊರಗಿನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಂಗಾಲಾಮ್ಲ ಈಗ 420 ಭಾಗಕ್ಕಿಂತ ತುಸು ಹೆಚ್ಚು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ತೊಡಗಿದಾಗ ಅದು ಸುಮಾರು 315 ಇದ್ದಿತು. ಚಿಪ್ಪು ಅಣಬೆ ಸರಿಯಾದ ಆಕಾರದಲ್ಲಿ ಅರಳಬೇಕಾದರೆ ಕೋಣೆಯಲ್ಲಿ ಈ ಅಂಕಿ ಸುಮಾರು 1000ವನ್ನು ಮೀರಬಾರದು. ನಮ್ಮ ಕೋಣೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಅಂದರೆ 28 ಘನ ಮೀಟರು. ಖಾಲಿ ಎಂದು ನಾವು ಹೇಳುವ ಆ ಕೋಣೆಯಲ್ಲಿ ಸುಮಾರು 30 ಕಿಲೋಗ್ರಾಂ ಗಾಳಿಯಿದೆ. ಅದರಲ್ಲಿ ಇಂಗಾಲಾಮ್ಲ 420ರಿಂದ 1000ಕ್ಕೆ ಏರಲು ಹೊಸದಾಗಿ 16 ಲೀಟರು ಸೇರಿದರೆ ಸಾಕು. ಶಿಲೀಂಧ್ರವು ಇಪ್ಪತ್ತು ಗ್ರಾಮಿನಷ್ಟು ಒಣ ಹುಲ್ಲನ್ನು ಪೂರ್ತಿಯಾಗಿ ಅರಗಿಸಿಕೊಂಡರೆ ಅಷ್ಟು ವಾಯು ಹುಟ್ಟುತ್ತದೆ. ಇಪ್ಪತ್ತು ಗ್ರಾಂ ಎಂದರೆ ಒಂದು ಹಿಡಿ. ನಮ್ಮ ಚೀಲಗಳಲ್ಲಿದ್ದುದು ಅರವತ್ತು ಕಿಲೋಗ್ರಾಂ ಒಣ ಹುಲ್ಲು! ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಒಬ್ಬ ಮನುಷ್ಯ ಆ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಗಂಟೆ ಕುಳಿತು ಉಸಿರಾಡಿದರೂ ಹೆಚ್ಚು ಕಡಿಮೆ ಅಷ್ಟೇ ಆಗುತ್ತದೆ.

ನಮ್ಮ ಸೋದರಮಾವ ಕೋಣೆಯಲ್ಲಿ ದೀಪ ಹಚ್ಚಿ ನೋಡಿ, "ದೀಪ ಚೆನ್ನಾಗೇ ಉರೀತದೆ, ಗಾಳಿಗೇನೂ ಆಗಿಲ್ಲ" ಎಂದಿದ್ದರು. ಹಗೇವಿಗೂ ಹಾಳುಬಾವಿಗೂ ಇಳಿಯುವ ಮುನ್ನ ದೀಪ ಇಳಿಬಿಡುವುದು ನಮ್ಮ ಹಿರಿಯರ ಪದ್ಧತಿ. ಆದರೆ ಆಮ್ಲಜನಕ ನೂರಕ್ಕೆ 21ರಿಂದ ಸುಮಾರು 16ಕ್ಕೆ ಇಳಿಯುವವರೆಗೂ ಬತ್ತಿ ಆರುವುದಿಲ್ಲ. ಅಣಬೆಯ ಪೇಚಾಟ ಅದಕ್ಕಿಂತ ಬಹಳ ಮುಂಚೆಯೇ ಮೊದಲಾಗುತ್ತದೆ.

ಹಾಗಾದರೆ ಮೊದಲ ಹದಿನೆಂಟು ದಿನ ಏಕೆ ಕೆಡಲಿಲ್ಲ? ನನ್ನನ್ನು ಮೋಸಗೊಳಿಸಿದುದು ಇದೇ. ಬಿಳಿ ಎಳೆಗಳು ಕಾಡಿನಲ್ಲಿ ಕೊಳೆತ ಮರದ ಒಳಗೆ ಬದುಕುವಂಥವು. ಅಲ್ಲಿ ಗಾಳಿ ಕಡಿಮೆ, ಇಂಗಾಲಾಮ್ಲ ಹೆಚ್ಚು. ಅದು ಅವಕ್ಕೆ ಒಗ್ಗಿದೆ. ಆದರೆ ಅಣಬೆಯ ಕೆಲಸ ಬೀಜಕಣಗಳನ್ನು ಗಾಳಿಯಲ್ಲಿ ತೂರುವುದು. ಇಂಗಾಲಾಮ್ಲ ಕಡಿಮೆಯಾದರೆ ತಾನು ಬಯಲಿಗೆ ಬಂದೆನೆಂಬ ಸೂಚನೆ ಅದಕ್ಕೆ ಸಿಕ್ಕಿದಂತಾಗಿ ಟೊಪ್ಪಿ ಬಿಚ್ಚುತ್ತದೆ. ಹೆಚ್ಚಾಗಿಯೇ ಉಳಿದರೆ ಇನ್ನೂ ಬಿರುಕಿನೊಳಗೇ ಇರುವಂತೆ ಕಾಂಡವನ್ನು ಉದ್ದ ಮಾಡುತ್ತ ಹೋಗುತ್ತದೆ. ಜಪಾನಿನಲ್ಲಿ ಎನೋಕಿ ಎಂಬ ಅಣಬೆಯನ್ನು ಬೇಕೆಂದೇ ಹೀಗೆ ಬೆಳೆಸಿ ಉದ್ದ ಕಾಂಡದ ಕಂತೆಗಳಾಗಿ ಮಾರುತ್ತಾರೆ. ನಾನು ಅರಿಯದೆ ಮಾಡಿದುದೂ ಅದನ್ನೇ. ಆದರೆ ನಮ್ಮ ಸಂತೆಯಲ್ಲಿ ಅದಕ್ಕೆ ಗಿರಾಕಿಯಿಲ್ಲ.

ಈಗ ತೇವದ ವಿಚಾರ. ಸಾಪೇಕ್ಷ ಆರ್ದ್ರತೆ ಎಂಬುದನ್ನು ನಾನು ಭೂಗೋಳದ ತರಗತಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದಿದ್ದೆ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲುದು. ಒಂದು ಘನ ಮೀಟರು ಗಾಳಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 23 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ ಆವಿಯನ್ನು ಹಿಡಿಯುತ್ತದೆ. ಹಿಡಿಯಬಲ್ಲುದರಲ್ಲಿ ನೂರಕ್ಕೆ ಎಷ್ಟು ಪಾಲು ಇದೆಯೆಂಬುದೇ ಸಾಪೇಕ್ಷ ಆರ್ದ್ರತೆ. ಈ ಲೆಕ್ಕವನ್ನು ನಮ್ಮ ಕೋಣೆಗೆ ಹಚ್ಚಿ ನೋಡಬೇಕೆಂದು ಬೆಳೆ ಕೆಡುವ ಮುನ್ನ ನನಗೆ ತೋಚಲೇ ಇಲ್ಲ. 25 ಡಿಗ್ರಿಯಲ್ಲಿ ಆರ್ದ್ರತೆ 85 ಇದ್ದಾಗ ಇಡೀ ಕೋಣೆಯ ಗಾಳಿಯಲ್ಲಿರುವ ನೀರು ಅರ್ಧ ಲೀಟರಿಗಿಂತ ತುಸು ಹೆಚ್ಚು, ಅಷ್ಟೆ! ಮಾರ್ಚಿ ತಿಂಗಳ ಒಣ ಮಧ್ಯಾಹ್ನ, ಹೊರಗೆ 32 ಡಿಗ್ರಿ ಬಿಸಿಲು, ಆರ್ದ್ರತೆ 35 ಎಂದಿಟ್ಟುಕೊಂಡರೂ ಆ ಗಾಳಿಯ ಘನ ಮೀಟರಿನಲ್ಲಿ ಸುಮಾರು 12 ಗ್ರಾಂ ಆವಿ ಇದ್ದೇ ಇರುತ್ತದೆ. ಕೋಣೆಯ ಗಾಳಿಯನ್ನೆಲ್ಲ ಒಮ್ಮೆ ಹೊರಹಾಕಿ ಹೊಸ ಗಾಳಿ ತುಂಬಿದರೆ ನಾವು ಕಳೆದುಕೊಳ್ಳುವ ತೇವ ಸುಮಾರು 200 ಗ್ರಾಂ. ಅಂದರೆ ಒಂದು ಲೋಟ ನೀರು. ಒಂದು ಲೋಟ ನೀರನ್ನು ಉಳಿಸುವುದಕ್ಕಾಗಿ ನಾನು ಅರವತ್ತು ಚೀಲದ ಉಸಿರು ಕಟ್ಟಿಸಿದ್ದೆ. ತೇವವನ್ನು ಒಳಗೆ ಹುಟ್ಟಿಸಬಹುದು. ಒಳ್ಳೆಯ ಗಾಳಿಯನ್ನು ಹೊರಗಿನಿಂದ ತಂದೇ ತೀರಬೇಕು. ಕೈಪಿಡಿಯ ಎರಡು ಸಾಲುಗಳಲ್ಲಿ ಯಾವುದು ಮೊದಲು ಎಂಬುದು ಇದರಿಂದ ತಿಳಿಯುತ್ತದೆ.

ಕಂದು ಮಚ್ಚೆಗಳಿಗೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ಹಗಲು 28 ಡಿಗ್ರಿಯಲ್ಲಿ ಆರ್ದ್ರತೆ 85 ಇದ್ದ ಗಾಳಿ ರಾತ್ರಿ 25 ಡಿಗ್ರಿಗೆ ತಣಿದರೆ ಆವಿಯನ್ನು ಹಿಡಿದಿಡಲಾರದು. ಹುಲ್ಲಿನ ಮೇಲೆ ಇಬ್ಬನಿ ಬೀಳುವಂತೆ ನಾನು ಬಿಗಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಹನಿ ಕಟ್ಟಿ ಅಣಬೆಯ ತಲೆಗೆ ತೊಟ್ಟಿಕ್ಕುತ್ತಿತ್ತು. ಗಾಳಿ ಆಡದುದರಿಂದ ಆ ಹನಿ ಆರುತ್ತಿರಲಿಲ್ಲ. ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಮಚ್ಚೆಯಾಯಿತು. ಗಾಳಿಯಲ್ಲಿ ತೇವ ಬೇಕು, ಅಣಬೆಯ ಮೇಲೆ ನೀರು ನಿಲ್ಲಬಾರದು. ಇವೆರಡೂ ಬೇರೆ ಬೇರೆ.

ಕಾರ್ತಿಕದಲ್ಲಿ ಎರಡನೆಯ ಬಾರಿ ಚೀಲ ಕಟ್ಟಿದೆವು. ಕೋಣೆಯ ಒಂದು ಗೋಡೆಯ ಕೆಳಭಾಗದಲ್ಲಿ ಗವಾಕ್ಷಿ ತೆಗೆದು ನೊಣ ಬಾರದಂತೆ ಜಾಲರಿ ಹೊಡೆದು, ಹೊರಗೆ ಒದ್ದೆ ಗೋಣಿಚೀಲ ತೂಗುಹಾಕಿದೆವು. ಎದುರು ಗೋಡೆಯ ಮೇಲ್ಭಾಗದಲ್ಲಿ ಇನ್ನೊಂದು ಗವಾಕ್ಷಿ. ಹುಲ್ಲು ಅರಗುವಾಗ ಚೀಲಗಳು ತುಸು ಬಿಸಿಯಾಗುವುದರಿಂದ ಒಳಗಿನ ಗಾಳಿ ಮೇಲೇರಿ ಹೊರಟುಹೋಗುತ್ತದೆ. ಅದರ ಸ್ಥಾನಕ್ಕೆ ಗೋಣಿಯ ಮೂಲಕ ತಣ್ಣನೆಯ ತೇವದ ಗಾಳಿ ಬರುತ್ತದೆ. ನೆಲಕ್ಕೆ ಮರಳು ಹರಡಿ ಅದನ್ನು ನೆನೆಸಿದೆವು. ಹೊರಗಿನ ಗಾಳಿಯ ಆರ್ದ್ರತೆ ಸಂಜೆಯಿಂದ ಏರಿ ಮುಂಜಾನೆಗೆ ಅತಿ ಹೆಚ್ಚಾಗುವುದರಿಂದ ಬಾಗಿಲನ್ನು ಸಂಜೆ, ರಾತ್ರಿ ಮಲಗುವ ಮುನ್ನ ಮತ್ತು ಕೋಳಿ ಕೂಗುವ ಹೊತ್ತಿಗೆ ತೆರೆದಿಡುತ್ತಿದ್ದೆವು. ನಮ್ಮ ಭೂಗೋಳದ ಅಧ್ಯಾಪಕರು ಒಣ ಮತ್ತು ಒದ್ದೆ ಬುರುಡೆಯ ಉಷ್ಣಮಾಪಕವನ್ನು ಕೆಲವು ದಿನ ಎರವಲು ಕೊಟ್ಟರು. ಒಣ ಬುರುಡೆ 25, ಒದ್ದೆ ಬುರುಡೆ 23 ತೋರಿಸಿದರೆ ಆರ್ದ್ರತೆ ಸುಮಾರು 84. ಒದ್ದೆಯದು 20ಕ್ಕೆ ಇಳಿದರೆ 63. ಎರಡರ ಅಂತರ ಹೆಚ್ಚಿದರೆ ನೀರು ಚಿಮುಕಿಸಬೇಕೆಂಬುದನ್ನು ಅಕ್ಷರ ಬಾರದ ಅವ್ವ ಎರಡೇ ದಿನದಲ್ಲಿ ಕಲಿತಳು.

ಇಂಗಾಲಾಮ್ಲ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಆದರೆ ಅಣಬೆಯೇ ಅದನ್ನು ಹೇಳುತ್ತದೆ. ಕಾಂಡ ಉದ್ದವಾಗಿ ಟೊಪ್ಪಿ ಚಿಕ್ಕದಾದರೆ ಗಾಳಿ ಸಾಲದು. ಟೊಪ್ಪಿಯ ಅಂಚು ಒಣಗಿ ಸೀಳಿದರೆ ತೇವ ಸಾಲದು. ಲೋಳೆ ಮಚ್ಚೆ ಬಂದರೆ ನೀರು ನಿಂತಿದೆ. ಟೊಪ್ಪಿಯ ಅಂಚು ಮೇಲಕ್ಕೆ ಮಡಚುವ ಮುನ್ನವೇ ಕೊಯ್ಯಬೇಕು. ತಡವಾದರೆ ಬೀಜಕಣಗಳು ಕೋಣೆಯಲ್ಲೆಲ್ಲ ಹಾರಿ ಕೆಲಸ ಮಾಡುವವರ ಶ್ವಾಸಕೋಶಕ್ಕೆ ತೊಂದರೆ ಕೊಡುತ್ತವೆ. ಅವ್ವ ಕೊಯ್ಯಲು ಹೋಗುವಾಗ ಮೂಗಿಗೆ ಮುಸುಕು ಕಟ್ಟುವಂತೆ ಮಾಡಿದ್ದೇನೆ.

ಅಜ್ಜಿಯ ಮಾತೆಲ್ಲವೂ ಸರಿಯಾಗಿತ್ತೆಂದು ಇದರ ಅರ್ಥವಲ್ಲ. ಚಳಿ ಹೆಚ್ಚಿದ ಒಂದು ರಾತ್ರಿ, ಹುಳುವಿನ ಮನೆಗೆ ಇಡುತ್ತಿದ್ದಂತೆ, ಇದ್ದಿಲ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ತರಹೊರಟಳು. ಇದ್ದಿಲು ಉರಿದರೆ ಇಂಗಾಲಾಮ್ಲವೇ ಹುಟ್ಟುತ್ತದೆ. ಗಾಳಿ ಸಾಲದಿದ್ದರೆ ಅದಕ್ಕಿಂತ ಘೋರವಾದ ಇಂಗಾಲದ ಮೊನಾಕ್ಸೈಡೂ ಹುಟ್ಟಿ ಮನುಷ್ಯರ ಪ್ರಾಣಕ್ಕೇ ಮುಳುವಾಗುತ್ತದೆ. ಈ ಸಲ ನಾನು ಗದರದೆ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆ. ಅಜ್ಜಿ ಅಗ್ಗಿಷ್ಟಿಕೆಯನ್ನು ಜಗಲಿಗೆ ಒಯ್ದು ತಾನೇ ಕೈ ಕಾಯಿಸಿಕೊಂಡಳು.

ಎರಡನೆಯ ಬೆಳೆ ಚಿಪ್ಪಿನಂತೆಯೇ ಅಗಲವಾಗಿ ಅರಳಿತು. ಸಾಲದಲ್ಲಿ ಅರ್ಧಕ್ಕಿಂತ ಹೆಚ್ಚು ತೀರಿದೆ. ಉಳಿದುದು ಮುಂದಿನ ಬೆಳೆಯಲ್ಲಿ ತೀರಬಹುದು. ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಒಬ್ಬ ಮನುಷ್ಯ ಒಂದು ಗಂಟೆಯಲ್ಲಿ ಹತ್ತಡಿ ಕೋಣೆಯ ಗಾಳಿಯನ್ನು ಬದಲಿಸಬಲ್ಲನಾದರೆ, ಮಳೆಗಾಲದಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಎಪ್ಪತ್ತು ಜನ ಕುಳಿತುಕೊಳ್ಳುವ ನಮ್ಮ ತರಗತಿಯ ಗತಿಯೇನೆಂಬುದನ್ನು ಸಹಪಾಠಿಗಳು ಯೋಚಿಸಬಹುದು. ಮಧ್ಯಾಹ್ನದ ತೂಕಡಿಕೆಗೆ ಅಧ್ಯಾಪಕರ ಪಾಠವೊಂದೇ ಕಾರಣವಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕಾಗಿ ಕೋರುತ್ತೇನೆ.